ಸಿಸ್ಟಿಕ್ ಫೈಬ್ರೋಸಿಸ್ ಇರುವ ವಯಸ್ಕರಿಗೆ ಮನೆಯಲ್ಲಿ ದೀರ್ಘಾವಧಿ ಉಸಿರಾಟದ ನೆರವು: ಬೀರೂರು ಭಾಗದ ಅರ್ಜಿದಾರರ ಗಮನಕ್ಕೆ

1. ಪೀಠಿಕೆ

ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ರೋಗವು ಬಹುಕಾಲ ಮಕ್ಕಳ ರೋಗವೆಂದೇ ಪರಿಗಣಿತವಾಗಿತ್ತು. ಚಿಕಿತ್ಸೆ ಸುಧಾರಿಸಿದಂತೆ ಈ ರೋಗವಿರುವ ಮಕ್ಕಳು ಪ್ರಾಪ್ತವಯಸ್ಕರಾಗಿ, ವಿದ್ಯಾಭ್ಯಾಸ ಮುಗಿಸಿ, ಉದ್ಯೋಗ ಮಾಡುವ ಹಂತವನ್ನು ತಲುಪುತ್ತಿದ್ದಾರೆ. ಇಂತಹವರಲ್ಲಿ ಕೆಲವರಿಗೆ ಶ್ವಾಸಕೋಶದ ಶಕ್ತಿ ಕುಂದಿದಾಗ ಮನೆಯಲ್ಲಿಯೇ ಆಮ್ಲಜನಕ ಅಥವಾ ಉಸಿರಾಟದ ಯಂತ್ರದ ನೆರವು ಬೇಕಾಗುತ್ತದೆ. ಬೀರೂರು ಹಾಗೂ ಸುತ್ತಮುತ್ತಲಿನ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ರೋಗಿಗಳು ಮತ್ತು ಅವರ ಕುಟುಂಬದವರು ಯಾವ ಪರೀಕ್ಷೆ ಮಾಡಿಸಬೇಕು, ಯಾವ ದಾಖಲೆ ಪಡೆಯಬೇಕು, ಯಾವ ಯೋಜನೆಯಡಿ ಅರ್ಜಿ ಸಲ್ಲಿಸಬಹುದು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಮುಖ್ಯವಾಗಿ ಅರಿಯಬೇಕಾದ ಅಂಶ ಒಂದೇ. ಆಮ್ಲಜನಕ ಕೊಡುವ ಯಂತ್ರ ಬೇರೆ, ಉಸಿರಾಡಲು ನೆರವಾಗುವ ಯಂತ್ರ ಬೇರೆ. ರೋಗಿಗೆ ಇವೆರಡರಲ್ಲಿ ಯಾವುದು ಅಗತ್ಯವೆಂಬುದು ರಕ್ತದ ಪರೀಕ್ಷೆಯಿಂದ ಮಾತ್ರ ತಿಳಿಯುತ್ತದೆ. ಆ ಪರೀಕ್ಷೆಗೆ ಮುನ್ನವೇ ಸಾಲ ಮಾಡಿ ಯಂತ್ರ ಖರೀದಿಸಿದಲ್ಲಿ ಹಣವೂ ನಷ್ಟವಾಗಬಹುದು, ರೋಗಿಯ ಜೀವಕ್ಕೂ ಅಪಾಯವಾಗಬಹುದು.

2. ರೋಗದ ಸ್ವರೂಪ

ದೇಹದ ಜೀವಕೋಶಗಳಲ್ಲಿ ಉಪ್ಪು ಮತ್ತು ನೀರಿನ ಸಂಚಾರವನ್ನು ನಿಯಂತ್ರಿಸುವ ಸಿ.ಎಫ್.ಟಿ.ಆರ್. ಎಂಬ ಜೀನ್ 7ನೆಯ ವರ್ಣತಂತುವಿನಲ್ಲಿದೆ. ಇದನ್ನು 1989ರಲ್ಲಿ ಗುರುತಿಸಲಾಯಿತು. ಈ ಜೀನ್ ದೋಷಯುಕ್ತವಾಗಿದ್ದಲ್ಲಿ ಶ್ವಾಸನಾಳಗಳಲ್ಲಿನ ಕಫವು ಅಂಟಿನಂತೆ ಗಟ್ಟಿಯಾಗುತ್ತದೆ. ಗಟ್ಟಿಯಾದ ಕಫದಲ್ಲಿ ರೋಗಾಣುಗಳು ನೆಲೆಸಿ, ಪದೇ ಪದೇ ಸೋಂಕು ಉಂಟಾಗಿ, ವರ್ಷಗಳು ಕಳೆದಂತೆ ಶ್ವಾಸನಾಳಗಳು ಹಿಗ್ಗಿ ಹಾಳಾಗುತ್ತವೆ. ಮೇದೋಜೀರಕ ಗ್ರಂಥಿಯೂ ಬಾಧಿತವಾಗುವುದರಿಂದ ಆಹಾರ ಸರಿಯಾಗಿ ಜೀರ್ಣವಾಗದೆ ದೇಹದ ತೂಕ ಕಡಿಮೆಯಾಗುತ್ತದೆ. ಬೆವರಿನಲ್ಲಿ ಉಪ್ಪಿನ ಅಂಶ ಹೆಚ್ಚಾಗಿರುತ್ತದೆ.

ತಂದೆ ಮತ್ತು ತಾಯಿ ಇಬ್ಬರೂ ದೋಷಯುಕ್ತ ಜೀನಿನ ವಾಹಕರಾಗಿದ್ದಲ್ಲಿ ಪ್ರತಿ ಗರ್ಭಧಾರಣೆಯಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು ಇರುತ್ತದೆ. ವಾಹಕರಿಗೆ ಸ್ವತಃ ಈ ರೋಗ ಇರುವುದಿಲ್ಲ. ರಕ್ತಸಂಬಂಧದಲ್ಲಿ ವಿವಾಹವಾದ ಕುಟುಂಬಗಳಲ್ಲಿ ಇಂತಹ ರೋಗಗಳ ಸಂಭವ ಹೆಚ್ಚು. ಇದು ಯಾರ ತಪ್ಪೂ ಅಲ್ಲ, ಶಾಪವೂ ಅಲ್ಲ.

ಈ ರೋಗವು ಐರೋಪ್ಯ ಮೂಲದವರಿಗೆ ಮಾತ್ರ ಬರುವುದೆಂಬ ನಂಬಿಕೆ ಇತ್ತಾದರೂ ಭಾರತದಲ್ಲಿ 1968ರಲ್ಲಿಯೇ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಬಹುದಿನಗಳ ಕೆಮ್ಮು, ಕಫ ಮತ್ತು ತೂಕ ಇಳಿಕೆ ಇರುವುದರಿಂದ ಇದನ್ನು ಕ್ಷಯರೋಗವೆಂದು ಭಾವಿಸುವ ಸಾಧ್ಯತೆ ಇದೆ. ಕಫ ಪರೀಕ್ಷೆಯಲ್ಲಿ ಕ್ಷಯ ಕಂಡುಬಾರದೆ, ಔಷಧಿ ಸೇವಿಸಿದರೂ ತೊಂದರೆ ಮರುಕಳಿಸುತ್ತಿದ್ದಲ್ಲಿ ಬೆವರಿನ ಕ್ಲೋರೈಡ್ ಪರೀಕ್ಷೆಯ ಬಗ್ಗೆ ವೈದ್ಯರಲ್ಲಿ ವಿಚಾರಿಸತಕ್ಕದ್ದು. ಈ ಪರೀಕ್ಷೆಯಲ್ಲಿ ಪ್ರತಿ ಲೀಟರಿಗೆ 60 ಮಿಲಿಮೋಲ್ ಅಥವಾ ಅದಕ್ಕಿಂತ ಹೆಚ್ಚು ಕ್ಲೋರೈಡ್ ಕಂಡುಬಂದಲ್ಲಿ ಅದು ಸಿಸ್ಟಿಕ್ ಫೈಬ್ರೋಸಿಸ್ ರೋಗವನ್ನು ಸೂಚಿಸುತ್ತದೆ. ನಂತರ ಜೀನ್ ಪರೀಕ್ಷೆಯಿಂದ ದೃಢಪಡಿಸಲಾಗುತ್ತದೆ.

3. ಎರಡು ತೊಂದರೆಗಳು, ಎರಡು ಯಂತ್ರಗಳು

ಉಸಿರಾಟದಿಂದ ಎರಡು ಕೆಲಸಗಳು ನಡೆಯುತ್ತವೆ. ಆಮ್ಲಜನಕವು ರಕ್ತಕ್ಕೆ ಸೇರುವುದು ಮೊದಲನೆಯದು. ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಹೊರಹೋಗುವುದು ಎರಡನೆಯದು. ಜಮಾ ಮತ್ತು ಖರ್ಚು ಎರಡನ್ನೂ ನೋಡದೆ ಲೆಕ್ಕ ಪೂರ್ಣವಾಗದಿರುವಂತೆ, ಇವೆರಡನ್ನೂ ಅಳೆಯದೆ ರೋಗಿಯ ಸ್ಥಿತಿ ತಿಳಿಯುವುದಿಲ್ಲ.

(ಅ) ಆಮ್ಲಜನಕ ಮಾತ್ರ ಕಡಿಮೆಯಾಗಿದ್ದಲ್ಲಿ: ಆಕ್ಸಿಜನ್ ಕಾನ್ಸಂಟ್ರೇಟರ್ ಎಂಬ ಯಂತ್ರವು ಕೋಣೆಯ ಗಾಳಿಯಿಂದ ಸಾರಜನಕವನ್ನು ಬೇರ್ಪಡಿಸಿ, ಸುಮಾರು ಶೇ. 90ರಿಂದ 96ರಷ್ಟು ಶುದ್ಧವಾದ ಆಮ್ಲಜನಕವನ್ನು ಮೂಗಿನ ನಳಿಕೆಯ ಮೂಲಕ ಒದಗಿಸುತ್ತದೆ. ಸಾಮಾನ್ಯವಾಗಿ ರೋಗಿಯು ಸ್ಥಿರವಾಗಿರುವಾಗ ಅಪಧಮನಿ ರಕ್ತದ ಆಮ್ಲಜನಕದ ಒತ್ತಡವು 55 ಮಿ.ಮೀ. ಪಾದರಸ ಅಥವಾ ಅದಕ್ಕಿಂತ ಕಡಿಮೆ ಇದ್ದಲ್ಲಿ ದೀರ್ಘಾವಧಿ ಆಮ್ಲಜನಕವನ್ನು ಸೂಚಿಸಲಾಗುತ್ತದೆ. ಹೃದಯದ ಬಲಭಾಗಕ್ಕೆ ತೊಂದರೆಯಾಗಿದ್ದಲ್ಲಿ ಒತ್ತಡವು 56ರಿಂದ 59 ಇದ್ದರೂ ಸೂಚಿಸುವುದುಂಟು. ದಿನಕ್ಕೆ ಕನಿಷ್ಠ 15 ಗಂಟೆ ಬಳಸಬೇಕೆಂಬ ನಿಯಮವು, ಧೂಮಪಾನ ಮುಂತಾದವುಗಳಿಂದ ಶ್ವಾಸಕೋಶ ಹಾಳಾದ ರೋಗಿಗಳ ಮೇಲೆ ನಡೆಸಿ 1980 ಮತ್ತು 1981ರಲ್ಲಿ ಪ್ರಕಟಿಸಿದ ಅಧ್ಯಯನಗಳಿಂದ ಬಂದಿದೆ. ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳಿಗೂ ಅದನ್ನೇ ಅನ್ವಯಿಸಲಾಗುತ್ತಿದೆ.

(ಆ) ಇಂಗಾಲದ ಡೈಆಕ್ಸೈಡ್ ಕೂಡ ಏರಿದ್ದಲ್ಲಿ: ಉಸಿರಾಟದ ಸ್ನಾಯುಗಳು ದಣಿದು, ಗಾಳಿಯನ್ನು ಪೂರ್ಣವಾಗಿ ಒಳಗೆಳೆದು ಹೊರಬಿಡಲು ಶಕ್ತಿ ಸಾಲದಿದ್ದಾಗ ಹೀಗಾಗುತ್ತದೆ. ನಿದ್ರೆಯಲ್ಲಿ ಉಸಿರು ಇನ್ನೂ ಆಳವಿಲ್ಲದಾಗುವುದರಿಂದ ತೊಂದರೆಯು ಮೊದಲು ರಾತ್ರಿ ವೇಳೆ ಆರಂಭವಾಗುತ್ತದೆ. ಬೆಳಿಗ್ಗೆ ಏಳುವಾಗ ತಲೆನೋವು, ಹಗಲಿನಲ್ಲಿ ತೂಕಡಿಕೆ ಮತ್ತು ಮಂಕು ಇದರ ಲಕ್ಷಣಗಳು. ಇಂತಹವರಿಗೆ ಬೈಪ್ಯಾಪ್ ಎಂಬ ಯಂತ್ರವು ಮುಖವಾಡದ ಮೂಲಕ ಉಸಿರೆಳೆಯುವಾಗ ಹೆಚ್ಚು ಒತ್ತಡವನ್ನೂ, ಬಿಡುವಾಗ ಕಡಿಮೆ ಒತ್ತಡವನ್ನೂ ಕೊಟ್ಟು ಸ್ನಾಯುಗಳ ಶ್ರಮವನ್ನು ತಗ್ಗಿಸುತ್ತದೆ. ಇದಕ್ಕೆ ಗಂಟಲಿನಲ್ಲಿ ರಂಧ್ರ ಮಾಡುವ ಅಗತ್ಯವಿಲ್ಲ. ಬೇಕಾದಲ್ಲಿ ಇದರ ಜೊತೆಯಲ್ಲಿಯೇ ಆಮ್ಲಜನಕವನ್ನೂ ಸೇರಿಸಲಾಗುತ್ತದೆ. ಕಫ ಹೊರತೆಗೆಯುವ ಫಿಸಿಯೋಥೆರಪಿ ಮಾಡುವಾಗಲೂ ಈ ಯಂತ್ರದಿಂದ ದಣಿವು ಕಡಿಮೆಯಾಗುತ್ತದೆ.

ಎಚ್ಚರಿಕೆ: (ಆ) ವರ್ಗದ ರೋಗಿಗೆ ಬೈಪ್ಯಾಪ್ ಇಲ್ಲದೆ ಆಮ್ಲಜನಕವನ್ನು ಮಾತ್ರ ಹೆಚ್ಚಾಗಿ ಕೊಟ್ಟಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತಷ್ಟು ಏರಿ, ರೋಗಿಯು ಮಂಪರಿಗೆ ಜಾರಿ ಪ್ರಜ್ಞೆ ತಪ್ಪಬಹುದು. ಆದ್ದರಿಂದ ಉಸಿರು ಕಷ್ಟವಾಯಿತೆಂದು ಮನೆಯವರು ತಾವಾಗಿಯೇ ಆಮ್ಲಜನಕದ ಪ್ರಮಾಣವನ್ನು ಏರಿಸಕೂಡದು.

ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಆಮ್ಲಜನಕವನ್ನು ಮಾತ್ರ ತೋರಿಸುತ್ತದೆ. ಆಮ್ಲಜನಕ ಪಡೆಯುತ್ತಿರುವ ರೋಗಿಯಲ್ಲಿ ಅದು 95 ತೋರಿಸುತ್ತಿದ್ದರೂ ಇಂಗಾಲದ ಡೈಆಕ್ಸೈಡ್ ಅಪಾಯದ ಮಟ್ಟದಲ್ಲಿರಬಹುದು. ಅಂಕಿ ಚೆನ್ನಾಗಿದೆ ಎಂದು ನಿಶ್ಚಿಂತರಾಗಿರಬಾರದು.

4. ಯಂತ್ರ ಖರೀದಿಗೆ ಮುನ್ನ ಮಾಡಿಸಬೇಕಾದ ಪರೀಕ್ಷೆಗಳು

1) ಅಪಧಮನಿ ರಕ್ತದ ಅನಿಲ ಪರೀಕ್ಷೆ. ಇದನ್ನು ಆಸ್ಪತ್ರೆಗಳಲ್ಲಿ ಎ.ಬಿ.ಜಿ. ಎಂದು ಕರೆಯುತ್ತಾರೆ. ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ಆಮ್ಲಜನಕ ಮತ್ತು ಇಂಗಾಲದ ಡೈಆಕ್ಸೈಡ್ ಎರಡನ್ನೂ ಅಳೆಯಲಾಗುತ್ತದೆ. ಇಂಗಾಲದ ಡೈಆಕ್ಸೈಡಿನ ಒತ್ತಡ 45 ಮಿ.ಮೀ. ಪಾದರಸವನ್ನು ಮೀರಿದಲ್ಲಿ ಅದನ್ನು ಹೆಚ್ಚಳವೆಂದು ಪರಿಗಣಿಸಲಾಗುತ್ತದೆ.

2) ಸ್ಪೈರೋಮೆಟ್ರಿ, ಅಂದರೆ ಊದುವ ಪರೀಕ್ಷೆ.

3) ರಾತ್ರಿ ನಿದ್ರೆಯ ವೇಳೆ ಆಮ್ಲಜನಕದ ದಾಖಲೆ ಹಾಗೂ ಸೌಲಭ್ಯವಿದ್ದಲ್ಲಿ ಇಂಗಾಲದ ಡೈಆಕ್ಸೈಡಿನ ದಾಖಲೆ.

4) ಎದೆಯ ಕ್ಷ-ಕಿರಣ ಚಿತ್ರ. ಶ್ವಾಸಕೋಶದ ಹೊರಗೆ ಎದೆಗೂಡಿನಲ್ಲಿ ಗಾಳಿ ತುಂಬಿಕೊಂಡಿದ್ದಲ್ಲಿ, ಅಥವಾ ಕೆಮ್ಮಿನಲ್ಲಿ ಹೆಚ್ಚಿನ ಪ್ರಮಾಣದ ರಕ್ತ ಬರುತ್ತಿದ್ದಲ್ಲಿ ಬೈಪ್ಯಾಪ್ ಬಳಕೆಯನ್ನು ತಡೆಹಿಡಿಯಬೇಕಾಗುತ್ತದೆ.

ಬೈಪ್ಯಾಪ್ ಯಂತ್ರದ ಒತ್ತಡವನ್ನು ಆಸ್ಪತ್ರೆಯಲ್ಲಿ ರೋಗಿಯನ್ನು ಗಮನಿಸುತ್ತಾ ಹೊಂದಿಸಬೇಕು. ಮೊದಲ ರಾತ್ರಿಗಳಲ್ಲಿ ಮುಖವಾಡ ಕಿರಿಕಿರಿಯೆನಿಸುವುದು ಸಹಜ. ಮುಖವಾಡದ ಅಳತೆ ಬದಲಿಸಿದಲ್ಲಿ ಬಹುಮಟ್ಟಿಗೆ ಸರಿಹೋಗುತ್ತದೆ. ಗೊರಕೆ ರೋಗಕ್ಕೆ ಕೊಡುವ ಸಿಪ್ಯಾಪ್ ಯಂತ್ರವು ಒಂದೇ ಒತ್ತಡ ನೀಡುವಂತಹದು. ಬೆಲೆ ಕಡಿಮೆ ಎಂಬ ಕಾರಣಕ್ಕೆ ಬೈಪ್ಯಾಪ್ ಬದಲಿಗೆ ಅದನ್ನು ಖರೀದಿಸಬಾರದು.

5. ಎಲ್ಲಿಗೆ ಹೋಗಬೇಕು

ಮೊದಲ ಹಂತ: ಬೀರೂರಿನ ಸರ್ಕಾರಿ ಆಸ್ಪತ್ರೆ ಅಥವಾ ಕಡೂರಿನ ತಾಲ್ಲೂಕು ಆಸ್ಪತ್ರೆ. ಇಲ್ಲಿ ತಪಾಸಣೆ ಮಾಡಿಸಿ ಮೇಲಿನ ಆಸ್ಪತ್ರೆಗೆ ಶಿಫಾರಸು ಪತ್ರ ಪಡೆಯುವುದು ಅವಶ್ಯ. ಈ ಪತ್ರವು ಮುಂದೆ ಯೋಜನೆಯ ಸೌಲಭ್ಯ ಪಡೆಯಲು ಬೇಕಾಗುತ್ತದೆ.

ಎರಡನೆಯ ಹಂತ: ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆ, ಅಥವಾ ಬೀರೂರಿನಿಂದ ನೇರ ರೈಲು ಮಾರ್ಗವಿರುವ ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆ.

ಮೂರನೆಯ ಹಂತ: ಬೆಂಗಳೂರು. ಎದೆರೋಗಗಳಿಗಾಗಿಯೇ ಇರುವ ಸರ್ಕಾರಿ ಸಂಸ್ಥೆಯಾದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯು ಅಲ್ಲಿದೆ. ವಿರಳ ರೋಗಗಳಿಗೆ ಕೇಂದ್ರ ಸರ್ಕಾರವು ಉತ್ಕೃಷ್ಟತಾ ಕೇಂದ್ರವೆಂದು ಗುರುತಿಸಿರುವ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಳೂ ಬೆಂಗಳೂರಿನಲ್ಲಿಯೇ ಇವೆ.

ಆಮ್ಲಜನಕದ ಸಿಲಿಂಡರಿನೊಂದಿಗೆ ರೈಲಿನಲ್ಲಿ ಪ್ರಯಾಣಿಸಬೇಕಾದವರು ವೈದ್ಯರ ಪ್ರಮಾಣಪತ್ರವನ್ನು ಇಟ್ಟುಕೊಂಡು, ಮುಂಚಿತವಾಗಿಯೇ ಬೀರೂರು ಜಂಕ್ಷನ್ ನಿಲ್ದಾಣದಲ್ಲಿ ವಿಚಾರಿಸಿಕೊಳ್ಳತಕ್ಕದ್ದು.

6. ವೈದ್ಯರ ಪ್ರಮಾಣಪತ್ರದಲ್ಲಿ ಇರಬೇಕಾದ ಅಂಶಗಳು

"ಉಸಿರಾಟದ ಯಂತ್ರ ಅಗತ್ಯವಿದೆ" ಎಂಬ ಒಂದು ಸಾಲಿನ ಪತ್ರದಿಂದ ಯಾವ ಯಂತ್ರ ಎಂಬುದು ಕಚೇರಿಗೂ ತಿಳಿಯುವುದಿಲ್ಲ, ಮಾರಾಟಗಾರನಿಗೂ ತಿಳಿಯುವುದಿಲ್ಲ. ಆದ್ದರಿಂದ ಪತ್ರದಲ್ಲಿ ಕೆಳಕಂಡ ಅಂಶಗಳು ಇರುವಂತೆ ವೈದ್ಯರಲ್ಲಿ ವಿನಂತಿಸಿಕೊಳ್ಳುವುದು:

1) ರೋಗದ ಪೂರ್ಣ ಹೆಸರು, ಬೆವರಿನ ಪರೀಕ್ಷೆ ಮತ್ತು ಜೀನ್ ಪರೀಕ್ಷೆಯ ಫಲಿತಾಂಶ.
2) ಎ.ಬಿ.ಜಿ. ಪರೀಕ್ಷೆಯ ದಿನಾಂಕ ಮತ್ತು ಎರಡೂ ಅನಿಲಗಳ ಅಂಕಿಗಳು. ಪರೀಕ್ಷೆಯ ವೇಳೆ ರೋಗಿಯು ಆಮ್ಲಜನಕ ಪಡೆಯುತ್ತಿದ್ದರೇ ಎಂಬ ವಿವರ.
3) ಬೇಕಾದ ಯಂತ್ರ: ಆಕ್ಸಿಜನ್ ಕಾನ್ಸಂಟ್ರೇಟರ್, ಬೈಪ್ಯಾಪ್ ಅಥವಾ ಎರಡೂ.
4) ಆಮ್ಲಜನಕವಾದಲ್ಲಿ ನಿಮಿಷಕ್ಕೆ ಎಷ್ಟು ಲೀಟರ್, ದಿನಕ್ಕೆ ಎಷ್ಟು ಗಂಟೆ. ಬೈಪ್ಯಾಪ್ ಆದಲ್ಲಿ ಉಸಿರೆಳೆಯುವ ಮತ್ತು ಬಿಡುವ ಒತ್ತಡಗಳು.
5) ಮರುಪರೀಕ್ಷೆಯ ದಿನಾಂಕ, ವೈದ್ಯರ ಸಹಿ, ನೋಂದಣಿ ಸಂಖ್ಯೆ ಮತ್ತು ಮೊಹರು.

ಇದರೊಂದಿಗೆ ಆಧಾರ್ ಚೀಟಿ, ಪಡಿತರ ಚೀಟಿ, ಬೀರೂರು ಹೋಬಳಿಯವರಾದಲ್ಲಿ ಅಲ್ಲಿನ ನಾಡಕಚೇರಿಯಿಂದ ಪಡೆದ ಆದಾಯ ಪ್ರಮಾಣಪತ್ರ, ಆಸ್ಪತ್ರೆಯ ಬಿಡುಗಡೆ ಪತ್ರ ಮತ್ತು ಮೂಲ ಬಿಲ್ಲುಗಳನ್ನು ಒಂದೇ ಕಡತದಲ್ಲಿ ಇಟ್ಟುಕೊಳ್ಳುವುದು. ಎಲ್ಲಾ ದಾಖಲೆಗಳ ಎರಡು ನಕಲು ಪ್ರತಿಗಳು ಮನೆಯಲ್ಲಿರಲಿ.

7. ಆರ್ಥಿಕ ನೆರವಿನ ಮಾರ್ಗಗಳು

(ಅ) ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ: 2018ರಲ್ಲಿ ಜಾರಿಗೆ ಬಂದ ಈ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸೆ ಲಭ್ಯವಿದೆ. ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ ರೂ. 1.5 ಲಕ್ಷದ ಮಿತಿಯಲ್ಲಿ ಭರಿಸಲಾಗುತ್ತದೆ. ಈ ಯೋಜನೆಯು ಮುಖ್ಯವಾಗಿ ಆಸ್ಪತ್ರೆಯಲ್ಲಿ ನೀಡುವ ಚಿಕಿತ್ಸೆಗೆ ಸಂಬಂಧಿಸಿದ್ದು. ಸೋಂಕು ಉಲ್ಬಣಿಸಿ ದಾಖಲಾದಾಗ ಇದು ಉಪಯುಕ್ತ. ಮನೆಗೆ ಒಯ್ಯುವ ಯಂತ್ರಕ್ಕೂ ಹಣ ದೊರೆಯುವುದೆಂದು ಭಾವಿಸಿ ಮೊದಲೇ ಖರೀದಿಸದೆ, ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರಲ್ಲಿ ವಿಚಾರಿಸತಕ್ಕದ್ದು. ಸಹಾಯವಾಣಿ: 14555.

(ಆ) ವಿರಳ ರೋಗಗಳ ರಾಷ್ಟ್ರೀಯ ನೀತಿ, 2021: ಈ ನೀತಿಯ 3ನೆಯ ಗುಂಪಿನಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಸೇರಿದೆ. ಕಫವನ್ನು ತೆಳುವಾಗಿಸುವ ಡಿ.ಎನ್.ಏಸ್ ಔಷಧ ಮತ್ತು ಜೀನ್ ದೋಷದ ಪರಿಣಾಮವನ್ನು ಸರಿಪಡಿಸುವ ಪೊಟೆನ್ಶಿಯೇಟರ್ ಔಷಧಗಳನ್ನು ಅದರಲ್ಲಿ ಹೆಸರಿಸಲಾಗಿದೆ. 2022ರಲ್ಲಿ ಪ್ರತಿ ರೋಗಿಗೆ ನೆರವಿನ ಮಿತಿಯನ್ನು ರೂ. 50 ಲಕ್ಷಕ್ಕೆ ಏರಿಸಲಾಯಿತು. ಅರ್ಜಿಯನ್ನು ಉತ್ಕೃಷ್ಟತಾ ಕೇಂದ್ರದ ಮೂಲಕವೇ ಸಲ್ಲಿಸಬೇಕು. ಹಣವು ಕೇಂದ್ರಕ್ಕೆ ಸಂದಾಯವಾಗುತ್ತದೆಯೇ ಹೊರತು ರೋಗಿಯ ಖಾತೆಗೆ ಅಲ್ಲ. ಮನೆಯ ಉಸಿರಾಟದ ಯಂತ್ರವನ್ನು ನೀತಿಯ ಪಟ್ಟಿಯಲ್ಲಿ ಹೆಸರಿಸಿಲ್ಲ ಎಂಬುದನ್ನು ಅರ್ಜಿದಾರರು ಗಮನಿಸುವುದು.

(ಇ) ಮುಖ್ಯಮಂತ್ರಿಗಳ ಪರಿಹಾರ ನಿಧಿ: ಮೇಲಿನ ಯೋಜನೆಗಳಲ್ಲಿ ಭರಿಸಲಾಗದ ವೆಚ್ಚಕ್ಕೆ ದಾಖಲೆಗಳೊಂದಿಗೆ ಮುಖ್ಯಮಂತ್ರಿಗಳ ಕಚೇರಿಗೆ ಮನವಿ ಸಲ್ಲಿಸಬಹುದು. ಮಂಜೂರಾತಿಯು ವಿವೇಚನೆಗೆ ಒಳಪಟ್ಟಿರುತ್ತದೆ.

(ಈ) ವಿಕಲಚೇತನರ ಪ್ರಮಾಣಪತ್ರ: 2016ರ ಅಧಿನಿಯಮದಲ್ಲಿ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಲಾಗಿದ್ದು, ಸಿಸ್ಟಿಕ್ ಫೈಬ್ರೋಸಿಸ್ ಹೆಸರು ಆ ಪಟ್ಟಿಯಲ್ಲಿಲ್ಲ. ಈ ಪ್ರಮಾಣಪತ್ರ ಕೊಡಿಸುವುದಾಗಿ ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬಾರದು.

8. ವಿದ್ಯುತ್ ಲೆಕ್ಕ

ಯಂತ್ರ ದೊರೆತ ನಂತರ ನಿರಂತರವಾಗಿ ಬರುವ ವೆಚ್ಚ ವಿದ್ಯುತ್ತಿನದು. 5 ಲೀಟರ್ ಸಾಮರ್ಥ್ಯದ ಕಾನ್ಸಂಟ್ರೇಟರ್ ಸುಮಾರು 350 ವ್ಯಾಟ್ ಬಳಸುತ್ತದೆ. ದಿನಕ್ಕೆ 15 ಗಂಟೆಯಂತೆ 5.25 ಯೂನಿಟ್, 30 ದಿನಕ್ಕೆ ಸುಮಾರು 157 ಯೂನಿಟ್ ಆಗುತ್ತದೆ.

2023ರಲ್ಲಿ ಜಾರಿಯಾದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೆ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಅರ್ಹ ಯೂನಿಟ್ಟುಗಳು ನಿಗದಿಯಾಗಿವೆ. ಅರ್ಹತೆಗಿಂತ ಹೆಚ್ಚು ಬಳಸಿ 200 ಯೂನಿಟ್ ಒಳಗಿದ್ದಲ್ಲಿ ಹೆಚ್ಚುವರಿಗೆ ಮಾತ್ರ ಹಣ ಪಾವತಿಸಬೇಕು. 200 ಯೂನಿಟ್ ಮೀರಿದಲ್ಲಿ ಪೂರ್ಣ ಬಿಲ್ಲನ್ನು ಪಾವತಿಸಬೇಕು. ಉದಾಹರಣೆಗೆ, ಒಂದು ಮನೆಯ ಅರ್ಹತೆ 50 ಯೂನಿಟ್ ಇದ್ದು, ಯಂತ್ರದ ಹೊರತಾಗಿ 40 ಯೂನಿಟ್ ಬಳಕೆಯಾದಲ್ಲಿ ಒಟ್ಟು 197 ಆಗುತ್ತದೆ. ಆಗ 147 ಯೂನಿಟ್ಟಿಗೆ ಮಾತ್ರ ಹಣ. ಅದೇ ಮನೆಯಲ್ಲಿ 45 ಯೂನಿಟ್ ಬಳಕೆಯಾದಲ್ಲಿ ಒಟ್ಟು 202 ಆಗಿ, ಪೂರ್ಣ ಬಿಲ್ಲು ಬರುತ್ತದೆ. ಈ ಐದು ಯೂನಿಟ್ಟನ್ನು ದೀಪ, ಟಿ.ವಿ., ಮಿಕ್ಸಿಗಳಲ್ಲಿ ಉಳಿಸಬಹುದು. ಆಮ್ಲಜನಕದ ಗಂಟೆಗಳನ್ನು ಕಡಿತಗೊಳಿಸಿ ಉಳಿಸಬಾರದು.

ವಿದ್ಯುತ್ ನಿಲುಗಡೆಗೆ ಸಿದ್ಧತೆ: 12 ವೋಲ್ಟ್, 150 ಆಂಪಿಯರ್-ಗಂಟೆಯ ಇನ್ವರ್ಟರ್ ಬ್ಯಾಟರಿ ಕಾನ್ಸಂಟ್ರೇಟರನ್ನು ಸುಮಾರು 3 ಗಂಟೆ ಮಾತ್ರ ನಡೆಸಬಲ್ಲದು. ನೀರು ಬಿಸಿ ಮಾಡುವ ಭಾಗವಿಲ್ಲದ ಬೈಪ್ಯಾಪ್ ಸುಮಾರು 50 ವ್ಯಾಟ್ ಬಳಸುವುದರಿಂದ ಅದೇ ಬ್ಯಾಟರಿ ಒಂದು ಇಡೀ ರಾತ್ರಿ ನಡೆಸುತ್ತದೆ. ಆದ್ದರಿಂದ ಬೈಪ್ಯಾಪಿಗೆ ಇನ್ವರ್ಟರ್ ಸಾಕು, ಕಾನ್ಸಂಟ್ರೇಟರಿಗೆ ಸಿಲಿಂಡರ್ ಜೊತೆಗಿರಬೇಕು. 1,500 ಲೀಟರ್ ಆಮ್ಲಜನಕವಿರುವ ಬಿ-ಮಾದರಿ ಸಿಲಿಂಡರ್ ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡೂವರೆ ಗಂಟೆ ಬರುತ್ತದೆ. 7,000 ಲೀಟರ್ ಇರುವ ಡಿ-ಮಾದರಿಯು ಸುಮಾರು 58 ಗಂಟೆ ಬರುತ್ತದೆ. ಮನೆಯಲ್ಲಿ ಇಂತಹ ರೋಗಿ ಇರುವುದನ್ನು ಮೆಸ್ಕಾಂ ಶಾಖಾ ಕಚೇರಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯುವುದು ಒಳಿತು. ವಿದ್ಯುತ್ ದೂರು: 1912.

9. ಮನೆಯಲ್ಲಿ ಪಾಲಿಸಬೇಕಾದ ನಿಯಮಗಳು

1) ಆಮ್ಲಜನಕ ಬಳಸುವ ಕೋಣೆಯಲ್ಲಿ ಬೀಡಿ, ಸಿಗರೇಟು, ದೇವರ ದೀಪ, ಊದುಬತ್ತಿ, ಒಲೆ ಇರಕೂಡದು. ಅಡಿಕೆ ಬೇಯಿಸುವ ಕಾಲದಲ್ಲಿ ಒಲೆಯ ಹೊಗೆ ಬಾರದ ಕಡೆ ರೋಗಿಯ ಹಾಸಿಗೆ ಇರಲಿ.
2) ಮುಖವಾಡವನ್ನು ಪ್ರತಿದಿನ ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸುವುದು. ತೇವ ನೀಡುವ ಬಾಟಲಿಯ ನೀರನ್ನು ದಿನವೂ ಬದಲಿಸುವುದು. ಕುದಿಸಿ ಆರಿಸಿದ ಅಥವಾ ಡಿಸ್ಟಿಲ್ಡ್ ನೀರನ್ನು ಬಳಸುವುದು. ನಿಂತ ನೀರಿನಲ್ಲಿ ಬೆಳೆಯುವ ರೋಗಾಣುಗಳು ಈ ರೋಗಿಗಳ ಶ್ವಾಸಕೋಶಕ್ಕೆ ಹಾನಿಕರ.
3) ಕೋವಿಡ್ ಕಾಲದಲ್ಲಿ ಖರೀದಿಸಿದ ಹಳೆಯ ಕಾನ್ಸಂಟ್ರೇಟರ್ ಬಳಸುವುದಾದಲ್ಲಿ ತಂತ್ರಜ್ಞರಿಂದ ಆಮ್ಲಜನಕದ ಶುದ್ಧತೆಯನ್ನು ಅಳೆಯಿಸಿದ ನಂತರವೇ ಬಳಸುವುದು.
4) ಕಫ ಹೊರತೆಗೆಯುವ ಫಿಸಿಯೋಥೆರಪಿಯನ್ನು ಯಂತ್ರ ಬಂದಿತೆಂದು ನಿಲ್ಲಿಸಬಾರದು. ಯಂತ್ರವು ಕಫವನ್ನು ತೆಗೆಯುವುದಿಲ್ಲ.
5) ಬೇಸಿಗೆಯಲ್ಲಿ ಬೆವರಿನೊಂದಿಗೆ ಉಪ್ಪು ನಷ್ಟವಾಗುವುದರಿಂದ ನೀರು ಮತ್ತು ಉಪ್ಪಿನ ಪ್ರಮಾಣದ ಬಗ್ಗೆ ವೈದ್ಯರ ಸಲಹೆ ಪಡೆಯುವುದು.
6) ಇದೇ ರೋಗವಿರುವ ಇಬ್ಬರು ಆಸ್ಪತ್ರೆಯಲ್ಲಿ ಪರಸ್ಪರ ಕನಿಷ್ಠ 2 ಮೀಟರ್ ಅಂತರದಲ್ಲಿರಬೇಕು. ಯಂತ್ರ, ಮುಖವಾಡ, ನೆಬ್ಯುಲೈಸರ್ ಹಂಚಿಕೊಳ್ಳಬಾರದು.

ಅಪಾಯದ ಚಿಹ್ನೆಗಳು: ಎಬ್ಬಿಸಿದರೂ ಪೂರ್ಣವಾಗಿ ಎಚ್ಚರಗೊಳ್ಳದಿರುವುದು, ಮಾತು ತೊದಲುವುದು, ತುಟಿ ನೀಲಿಯಾಗುವುದು, ಏಕಾಏಕಿ ಎದೆಯ ಒಂದು ಬದಿಯಲ್ಲಿ ನೋವು, ಕೆಮ್ಮಿನಲ್ಲಿ ರಕ್ತ. ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಕರೆ ಮಾಡಿ, ರೋಗಿಯು ಬಳಸುವ ಆಮ್ಲಜನಕದ ಪ್ರಮಾಣವನ್ನು ಸಿಬ್ಬಂದಿಗೆ ತಿಳಿಸಿ, ಕಡತವನ್ನು ಜೊತೆಗೆ ಒಯ್ಯಬೇಕು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಒಮ್ಮೆ ಯಂತ್ರ ಹಾಕಿದರೆ ಜೀವನಪರ್ಯಂತ ಬಿಡಲಾಗದೇ?
ಉತ್ತರ: ಯಂತ್ರದಿಂದ ಶ್ವಾಸಕೋಶಕ್ಕೆ ಚಟ ಹತ್ತುವುದಿಲ್ಲ. ಸೋಂಕಿನ ವೇಳೆ ಬೇಕಾಗಿ ನಂತರ ಬೇಡವಾಗಬಹುದು. ರೋಗ ಮುಂದುವರಿದಿದ್ದಲ್ಲಿ ಮಾತ್ರ ದೀರ್ಘಕಾಲ ಬೇಕಾಗುತ್ತದೆ. ಇದನ್ನು ಮರುಪರೀಕ್ಷೆಯಲ್ಲಿ ವೈದ್ಯರು ತೀರ್ಮಾನಿಸುತ್ತಾರೆ.

ಪ್ರಶ್ನೆ: ಯಂತ್ರ ಬಂದಿತೆಂದರೆ ಕೊನೆಯ ಹಂತವೆಂದು ಅರ್ಥವೇ?
ಉತ್ತರ: ಹಾಗೆ ತಿಳಿಯಬೇಕಾಗಿಲ್ಲ. 1991ರಲ್ಲಿ ಇಂಗ್ಲೆಂಡಿನ ವೈದ್ಯರು ಮುಖವಾಡದ ಉಸಿರಾಟ ಯಂತ್ರವನ್ನು ಶ್ವಾಸಕೋಶ ಕಸಿಯವರೆಗೆ ರೋಗಿಯನ್ನು ಕಾಯುವ ಸೇತುವೆಯಾಗಿ ಬಳಸಿದ್ದನ್ನು ವರದಿ ಮಾಡಿದರು. ಊದುವ ಪರೀಕ್ಷೆಯಲ್ಲಿ ಮೊದಲ ಸೆಕೆಂಡಿನ ಪ್ರಮಾಣವು ನಿರೀಕ್ಷಿತ ಮಟ್ಟದ ಶೇ. 30ಕ್ಕಿಂತ ಕಡಿಮೆಯಾಗುವ ಮೊದಲೇ ಕಸಿಯ ಬಗ್ಗೆ ವಿಚಾರಿಸುವುದು ಸೂಕ್ತ. ರಾಜ್ಯದಲ್ಲಿ ಅಂಗಾಂಗ ಹಂಚಿಕೆಯನ್ನು ಜೀವಸಾರ್ಥಕತೆ ಸಂಸ್ಥೆಯು ನಿರ್ವಹಿಸುತ್ತದೆ.

ಪ್ರಶ್ನೆ: ಹೊಸ ಮಾತ್ರೆಗಳಿಂದ ಯಂತ್ರದ ಅಗತ್ಯ ತಪ್ಪುವುದೇ?
ಉತ್ತರ: ಮೂರು ಔಷಧಗಳ ಸಂಯೋಜನೆಯೊಂದಕ್ಕೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಿದ್ದು, ಸೂಕ್ತ ಜೀನ್ ದೋಷವಿರುವವರಲ್ಲಿ ಶ್ವಾಸಕೋಶದ ಶಕ್ತಿ ಗಮನಾರ್ಹವಾಗಿ ಸುಧಾರಿಸಿದೆ. ಅದರ ಬೆಲೆ ಅತ್ಯಧಿಕ. ಪಾಶ್ಚಾತ್ಯರಲ್ಲಿ ಅತಿ ಸಾಮಾನ್ಯವಾದ ಜೀನ್ ದೋಷವು ಭಾರತೀಯ ರೋಗಿಗಳಲ್ಲಿ ಅಷ್ಟು ಪ್ರಮಾಣದಲ್ಲಿ ಇಲ್ಲದಿರುವುದರಿಂದ ಜೀನ್ ಪರೀಕ್ಷೆಯ ವರದಿ ಇಲ್ಲದೆ ಏನನ್ನೂ ಹೇಳಲಾಗದು. ವರದಿಯನ್ನು ಜೋಪಾನವಾಗಿ ಇಡತಕ್ಕದ್ದು.

11. ಮುಕ್ತಾಯ

ಅರ್ಜಿದಾರರು ಕ್ರಮವಾಗಿ ಮೊದಲು ಎ.ಬಿ.ಜಿ. ಪರೀಕ್ಷೆ, ನಂತರ ಅಂಕಿಗಳಿರುವ ಪ್ರಮಾಣಪತ್ರ, ಅದರ ನಂತರ ಅರ್ಜಿ, ಕೊನೆಯಲ್ಲಿ ಯಂತ್ರ ಎಂಬುದನ್ನು ನೆನಪಿನಲ್ಲಿಡುವುದು. ಈ ಕ್ರಮವನ್ನು ಪಾಲಿಸಿದಲ್ಲಿ ಕಚೇರಿಯಿಂದ ಕಚೇರಿಗೆ ಅಲೆಯುವುದು ಕಡಿಮೆಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ರಾತ್ರಿ ಮುಖವಾಡ ಧರಿಸಿ ಮಲಗಿದ ರೋಗಿಯು ಬೆಳಿಗ್ಗೆ ತಲೆನೋವಿಲ್ಲದೆ ಏಳುತ್ತಾರೆ. ಈ ಪುಟದ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ. ಚಿಕಿತ್ಸೆಗೆ ಸಂಬಂಧಿಸಿದಂತೆ ತಜ್ಞ ವೈದ್ಯರ ಸಲಹೆಯೇ ಅಂತಿಮ.